ನೇತ್ರಾಣಿಗೆ ಹೊರಟ ಗೆಳೆಯನಿಗೆ: ಡೈವಿಂಗ್ ಟಿಪ್ಸ್ ಯಾರಿಗೆ, ಎಷ್ಟು, ಹೇಗೆ

ಪ್ರೀತಿಯ ಗೆಳೆಯ,

ಡಿಸೆಂಬರಿನಲ್ಲಿ ನಾಲ್ಕು ಜನ ಸೇರಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡ್ತೀವಿ, ಇನ್‌ಸ್ಟ್ರಕ್ಟರಿಗೆ ಟಿಪ್ಸ್ ಕೊಡಬೇಕಾ ಅಂತ ಕೇಳಿದ್ದೀಯ. ಕೊಡಲೇಬೇಕು ಅನ್ನುವ ಕಟ್ಟುಪಾಡು ನಮ್ಮಲ್ಲಿಲ್ಲ, ಕೊಡದಿದ್ದರೆ ಯಾರೂ ಮುಖ ಗಂಟಿಕ್ಕುವುದೂ ಇಲ್ಲ. ಆದರೂ ಕೊಡು. ಎಷ್ಟು ಅನ್ನುವುದಕ್ಕಿಂತ ಅದು ಯಾರ ಕೈ ಸೇರುತ್ತದೆ ಅನ್ನುವ ಕಡೆ ಹೆಚ್ಚು ಗಮನ ಇರಲಿ. ಸಾಮಾನ್ಯವಾಗಿ ಆಗುವುದೇನೆಂದರೆ, ನೀರೊಳಗೆ ಜೊತೆಗಿದ್ದವರಿಗೆ ಐನೂರರ ನೋಟು ಸಿಗುತ್ತದೆ, ಬೆಳಗಿನಿಂದ ಮೈಮುರಿದು ದುಡಿದ ಉಳಿದವರೆಲ್ಲ ಬರಿಗೈಲಿ ಮನೆಗೆ ಹೋಗುತ್ತಾರೆ.

ನೀನು ಮಾಡುವುದು ಮೊದಲ ಸಲದವರ ಡೈವ್. ಅದರ ಗರಿಷ್ಠ ಆಳ 12 ಮೀಟರ್. ಅಷ್ಟರಲ್ಲಿ ಇನ್‌ಸ್ಟ್ರಕ್ಟರ್ ಏನು ಮಾಡುತ್ತಾರೆ ಅಂತ ಗಮನಿಸು. ಒಂದು ಕೈ ನಿನ್ನ ಸಿಲಿಂಡರಿನ ಕುತ್ತಿಗೆಯ ಮೇಲೆ, ಇನ್ನೊಂದು ಕೈ ನಿನ್ನ ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿಯ ಮೇಲೆ. ಕೆಳಗಿಳಿದಂತೆ ಒತ್ತಡಕ್ಕೆ ಜಾಕೆಟ್ಟಿನ ಗಾಳಿ ಕುಗ್ಗುತ್ತದೆ, ನೀನು ಇನ್ನಷ್ಟು ಬೇಗ ಮುಳುಗತೊಡಗುತ್ತೀಯ. ಆಗ ಜಾಕೆಟ್ಟಿಗೆ ಚೂರು ಗಾಳಿ ತುಂಬಬೇಕು. ಮೇಲೇರುವಾಗ ಅದೇ ಗಾಳಿ ಹಿಗ್ಗಿ ನಿನ್ನನ್ನು ಮೇಲಕ್ಕೆ ದೂಡುತ್ತದೆ. ಆಗ ಅದನ್ನು ಹೊರಗೆ ಬಿಡಬೇಕು. ಈ ನಡುವೆ ಒತ್ತಡ ಸಮವಾಗಿ ನಿನ್ನ ಕಿವಿ ಬಿಟ್ಟಿತಾ, ಮಾಸ್ಕಿಗೆ ನೀರು ನುಗ್ಗಿತಾ, ಗೇಜಿನಲ್ಲಿ ಎಷ್ಟು ಬಾರ್ (ಸಿಲಿಂಡರಿನ ಗಾಳಿಯ ಒತ್ತಡದ ಅಳತೆ) ಉಳಿದಿದೆ, ಕಣ್ಣಲ್ಲಿ ಗಾಬರಿ ಕಾಣುತ್ತಿದೆಯಾ ಅಂತ ನೋಡುತ್ತಲೇ ಇರಬೇಕು. ನಿನ್ನನ್ನು ಬೋಟಿಗೆ ಹತ್ತಿಸಿ, ಮುಂದಿನವರನ್ನು ಕರೆದುಕೊಂಡು ಮತ್ತೆ ಇಳಿಯುವುದೂ ಉಂಟು. ಒಂದೇ ದಿನ ಹೀಗೆ ಪದೇ ಪದೇ ಏರಿಳಿಯುವುದು ಕಿವಿಗೂ ಮೈಗೂ ಹೊರೆಯೇ. ಇವರಲ್ಲಿ ಎಷ್ಟೋ ಜನ ಸೀಸನ್ನಿನಲ್ಲಿ ಮಾತ್ರ ದುಡಿಯುವವರು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳಿದಾಗ ನೇತ್ರಾಣಿಯ ಡೈವಿಂಗ್ ನಿಂತೇ ಹೋಗುತ್ತದೆ.

ಇನ್ನು ಬೋಟಿನವರು. ನೀರೊಳಗೆ ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ತುಂಬಿದಾಗ ಹೆಚ್ಚುಕಡಿಮೆ 17 ಕಿಲೋ ತೂಗುತ್ತದೆ. ಒಂದು ಟ್ರಿಪ್ಪಿಗೆ ಇಪ್ಪತ್ತು ಸಿಲಿಂಡರ್ ಅಂದುಕೊಂಡರೂ 300 ಕಿಲೋ ದಾಟಿತು. ಬೆಳಿಗ್ಗೆ ಅದನ್ನೆಲ್ಲ ಹೇರಬೇಕು, ಮಧ್ಯಾಹ್ನ ಇಳಿಸಬೇಕು, ಸೀಸದ ತೂಕದ ಬೆಲ್ಟುಗಳು ಬೇರೆ. ಡೈವ್ ಮುಗಿಸಿ ಏಣಿ ಹತ್ತುವಾಗ ನಿನ್ನ ಬೆನ್ನಿನ ಭಾರ ಎತ್ತಿಕೊಳ್ಳುವವರೂ ಅವರೇ, ವಾಂತಿ ಮಾಡಿಕೊಂಡವರನ್ನು ಉಪಚರಿಸುವವರೂ ಅವರೇ. ನೀನು ಕೆಳಗಿದ್ದಾಗ ಬೋಟ್ ನಡೆಸುವವರ ಕಣ್ಣು ಮೇಲೇಳುವ ಗುಳ್ಳೆಗಳ ಮೇಲೆ ಇರುತ್ತದೆ. ಆ ಜಾಗದ ಹತ್ತಿರ ಪ್ರೊಪೆಲರ್ ತಿರುಗಬಾರದು.

ನೀನು ನೋಡದೇ ಇರುವ ಇನ್ನೊಬ್ಬರು ಕಂಪ್ರೆಸರ್ ಹತ್ತಿರ ಇರುತ್ತಾರೆ. ಒಂದೊಂದು ಸಿಲಿಂಡರನ್ನೂ 200 ಬಾರ್‌ವರೆಗೆ ತುಂಬಬೇಕು. ಬೇಗ ತುಂಬಲು ಹೋದರೆ ಸಿಲಿಂಡರ್ ಬಿಸಿಯಾಗಿ, ತಣ್ಣಗಾದ ಮೇಲೆ ಒತ್ತಡ ಇಳಿದುಬಿಡುತ್ತದೆ. ಗಾಳಿಯಿಂದ ಬೇರ್ಪಟ್ಟ ನೀರನ್ನು ಆಗಾಗ ಹೊರಗೆ ಬಿಡುತ್ತಿರಬೇಕು, ಫಿಲ್ಟರನ್ನು ಗಂಟೆಗಳ ಲೆಕ್ಕ ಇಟ್ಟು ಬದಲಿಸಬೇಕು, ಇಂಜಿನ್ನಿನ ಹೊಗೆ ಗಾಳಿ ಎಳೆಯುವ ಪೈಪಿನ ಕಡೆ ಬರದಂತೆ ನೋಡಿಕೊಳ್ಳಬೇಕು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಸೇರಿದರೆ ನೀರೊಳಗಿನವರ ಜೀವಕ್ಕೇ ಕುತ್ತು. ಕಿವಿ ಗಡಚಿಕ್ಕುವ ಸದ್ದಿನಲ್ಲಿ ನಡೆಯುವ ಕೆಲಸವಿದು. ಟಿಪ್ಸ್ ಇವರವರೆಗೆ ಬರುವುದೇ ಅಪರೂಪ.

ಈಗ ಮೊತ್ತ. ಇದು ನನ್ನ ಅಂದಾಜು, ಯಾರ ನಿಯಮವೂ ಅಲ್ಲ. ನೇತ್ರಾಣಿಯ ಒಂದು ಡೈವಿಗೆ ತಲಾ 300ರಿಂದ 500 ರೂಪಾಯಿ ಇನ್‌ಸ್ಟ್ರಕ್ಟರಿಗೆ. ಬೋಟಿನವರಿಗೆ ನಾಲ್ವರೂ ಸೇರಿ 800. ಕಂಪ್ರೆಸರ್ ಮತ್ತು ಸಾಮಾನು ತೊಳೆಯುವವರಿಗೆ 400. ಮುಂದೆ ಅಂಡಮಾನಿನ ಹ್ಯಾವ್‌ಲಾಕಿನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಓಪನ್ ವಾಟರ್ ಕೋರ್ಸ್ (ಡೈವಿಂಗ್ ಕಲಿಸುವ ಮೊದಲ ಹಂತದ ಕೋರ್ಸ್) ಮಾಡಿದರೆ ಮೂರು ನಾಲ್ಕು ದಿನ ಒಬ್ಬರೇ ಕಲಿಸುತ್ತಾರೆ, ಅವರಿಗೆ 1500ರಿಂದ 2500 ಆಗಲಿ. ಅಂಗಡಿಯ ಮಾಲೀಕರೇ ಕಲಿಸಿದ್ದರೆ ಅವರ ಪಾಲನ್ನೂ ಬೋಟಿನವರಿಗೆ ಕೊಟ್ಟುಬಿಡು. ಡೈವ್‌ಮಾಸ್ಟರ್, ಅಂದರೆ ಡೈವ್ ಮುನ್ನಡೆಸುವವರ, ತರಬೇತಿಯಲ್ಲಿರುವ ಹುಡುಗ ಹುಡುಗಿಯರು ಎಷ್ಟೋ ಕಡೆ ಸಂಬಳವಿಲ್ಲದೆ ದುಡಿಯುತ್ತಾರೆ, ಅವರನ್ನು ಮರೆಯಬೇಡ.

ಎಡವುವುದು ಕೊಡುವ ರೀತಿಯಲ್ಲಿ. ಕೌಂಟರ್ ಮೇಲಿನ ಕ್ಯೂಆರ್ ಕೋಡಿಗೆ ಹಾಕಿದ ದುಡ್ಡು ಅಂಗಡಿಯ ಖಾತೆಗೆ ಹೋಗುತ್ತದೆ. ಏಜೆಂಟರ ಮೂಲಕ ಬುಕ್ ಮಾಡುವಾಗ ಜಾಸ್ತಿ ಕೊಟ್ಟದ್ದು ಡೈವ್ ಮಾಡಿಸಿದವರಿಗೆ ತಲುಪುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಆದ್ದರಿಂದ ಊರಿಂದಲೇ ನೂರು, ಇನ್ನೂರರ ನೋಟು ತಗೊಂಡು ಹೋಗು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡು, ಬೋಟಿನಲ್ಲಿ ಎಲ್ಲವೂ ನೆನೆಯುತ್ತದೆ. ‘ಟಿಪ್ಸ್ ಬಾಕ್ಸ್ ಇದೆಯಾ, ಎಲ್ಲರಿಗೂ ಹಂಚ್ತೀರಾ?’ ಅಂತ ನೇರವಾಗಿ ಕೇಳು. ಇದೆ ಅಂದರೆ ಒಟ್ಟಿಗೆ ಅದಕ್ಕೇ ಹಾಕು. ಇಲ್ಲದಿದ್ದರೆ ಮೂರು ಕವರ್ ಮಾಡು. ಸಿಲಿಂಡರ್ ಇಳಿಸುತ್ತಿರುವವರ ಕೈಗೆ ನೋಟು ತುರುಕಬೇಡ. ಸಾಮಾನೆಲ್ಲ ತೊಳೆದು ಹರವಿದ ಮೇಲೆ ಪುರುಸೊತ್ತಾಗಿ ಇರುತ್ತಾರೆ, ಆಗ ಕೊಡು.

ಡೈವಿಗೆ ಮುಂಚೆ ಮಾತ್ರ ಒಂದು ಪೈಸೆಯನ್ನೂ ಕೊಡಬೇಡ. ‘ಸ್ವಲ್ಪ ಜಾಸ್ತಿ ಆಳಕ್ಕೆ ಕರ್ಕೊಂಡು ಹೋಗಿ, ನೋಡ್ಕೋತೀವಿ’ ಅನ್ನುವವರಿದ್ದಾರೆ. ಹಾಗೆ ದುಡ್ಡು ಕೊಟ್ಟರೆ ಸುರಕ್ಷತೆಯನ್ನೇ ಮಾರಿಕೊಂಡ ಹಾಗೆ, ಅದರ ಬೆಲೆ ನಿನ್ನ ಕಿವಿತಮಟೆಯೋ ಶ್ವಾಸಕೋಶವೋ ಆಗಬಹುದು. ಫೋಟೊಗೋಸ್ಕರ ನಕ್ಷತ್ರಮೀನು ಎತ್ತಿ ಕೈಗಿಟ್ಟರೆ, ಹವಳ ಮುಟ್ಟಿಸಿದರೆ, ಅದಕ್ಕೂ ಬಹುಮಾನ ಬೇಡ.

ಮೀನು ಕಾಣಲಿಲ್ಲ, ನೀರು ಕದಡಿತ್ತು ಅಂತ ಕಡಿಮೆ ಮಾಡುವುದು ಅನ್ಯಾಯ. ಸಮುದ್ರ ಅವರ ಮಾತು ಕೇಳುವುದಿಲ್ಲ. ಕಿವಿ ಬಿಡದೆ ನಾಲ್ಕು ಮೀಟರಿನಲ್ಲೇ ನಿನ್ನನ್ನು ಮೇಲೆ ತಂದರೆ ಪೂರ್ತಿ ಕೊಡು. ನೋವಿದ್ದರೂ ಕೆಳಗೆ ಎಳೆದೊಯ್ಯದೆ ಇದ್ದವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದಾರೆ. ಅಲೆ ಜಾಸ್ತಿಯಾಗಿ ಅರ್ಧ ದಾರಿಯಿಂದ ಬೋಟ್ ತಿರುಗಿಸಿದರೆ ಬೋಟಿನವರ ಕವರ್ ಖಂಡಿತ ಕೊಡು. ಅದೇ, ಆರೋಗ್ಯದ ಪ್ರಶ್ನೆಗಳನ್ನು ಕೇಳದೆ, ಕೈಸನ್ನೆ ಹೇಳಿಕೊಡದೆ ನೀರಿಗಿಳಿಸಿದರೆ ಟಿಪ್ಸ್ ಬಿಟ್ಟುಬಿಡು, ಯಾಕೆಂದು ಮಾಲೀಕರಿಗೆ ಹೇಳು.

ಹೊರದೇಶದ ರೂಢಿ ಬೇರೆ ಬೇರೆ. ಫ್ಲೋರಿಡಾ, ಕೆರಿಬಿಯನ್ ಕಡೆ ಸಿಲಿಂಡರಿಗೆ ಇಷ್ಟು ಅಂತ ಲೆಕ್ಕ, ಸಾಮಾನ್ಯವಾಗಿ 5ರಿಂದ 10 ಡಾಲರ್. ಆಸ್ಟ್ರೇಲಿಯಾದಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಮಾಲ್ಡೀವ್ಸಿನ ರೆಸಾರ್ಟ್ ಬಿಲ್ಲಿನಲ್ಲಿ 10% ಸರ್ವಿಸ್ ಚಾರ್ಜ್ ಇರುತ್ತದೆ, ಅದು ಡೈವ್ ಸೆಂಟರಿನವರಿಗೂ ಸೇರುತ್ತದಾ ಅಂತ ಕೇಳಿಕೊ. ಈಜಿಪ್ಟಿನಲ್ಲಿ ವಾರವಿಡೀ ತಂಗುವ ಡೈವಿಂಗ್ ಬೋಟುಗಳಲ್ಲಿ ಪ್ರವಾಸದ ಕೊನೆಗೆ ಸಿಬ್ಬಂದಿಗೆಲ್ಲ ಸೇರಿ ಒಂದು ಕವರ್ ಕೊಡುವುದು ವಾಡಿಕೆ. ಅಲ್ಲಿ ವಿದೇಶಿ ನಾಣ್ಯ ಕೊಡಬೇಡ, ಅವರಿಗೆ ಬದಲಾಯಿಸಿಕೊಳ್ಳುವುದೇ ಕಷ್ಟ. ಹರಿದ ಡಾಲರ್ ನೋಟೂ ಅಷ್ಟೇ.

ನಿನ್ನ ಜೊತೆಗಾರರಲ್ಲಿ ಇಬ್ಬರು ವಿದ್ಯಾರ್ಥಿಗಳು ಅಂದೆಯಲ್ಲ, ಕೈಲಿ ದುಡ್ಡಿಲ್ಲದಿದ್ದರೆ ಅವರು ರಿವ್ಯೂ ಬರೆಯಲಿ. ‘ಸೂಪರ್ ಅನುಭವ’ ಅಂತಷ್ಟೇ ಬೇಡ. ಇನ್‌ಸ್ಟ್ರಕ್ಟರಿನ ಹೆಸರು, ಬೋಟ್ ನಡೆಸಿದವರ ಹೆಸರು, ಅವರು ಏನು ಮಾಡಿದರು ಅನ್ನುವುದೂ ಇರಲಿ. ಹೆಸರು ಹಾಕುವ ಮುಂಚೆ ಅವರನ್ನೇ ಒಂದು ಮಾತು ಕೇಳಲಿ. ಮುಂದಿನ ಸೀಸನ್ನಿಗೆ ಕೆಲಸ ಹುಡುಕುವಾಗ ತೋರಿಸಲು ಅದು ಅವರಿಗೆ ಬೇಕಾಗುತ್ತದೆ.

ಇಂತಿ ನಿನ್ನ ಗೆಳೆಯ