16 ಜಿಬಿ ಎಂದು ಕೊಟ್ಟ ಲ್ಯಾಪ್‌ಟಾಪ್ 8 ಜಿಬಿ ತೋರಿಸುತ್ತಿದೆ: ಶಿರಸಿಯಿಂದ ಒಂದು ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ವಾರಂಟಿ ಇರುವ ಲ್ಯಾಪ್‌ಟಾಪಿನ ರ್‍ಯಾಮ್ ದೋಷ, ಮತ್ತು ನಿಮ್ಮ ಹುಬ್ಬಳ್ಳಿ ಸರ್ವಿಸ್ ಸೆಂಟರಿನಲ್ಲಿ ನನಗಾದ ಅವಮಾನ

ಮಾನ್ಯರೇ,

ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ಎರಡು ಕ್ವಿಂಟಾಲ್ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಮಗನಿಗೆ ನಿಮ್ಮ ಕಂಪನಿಯ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದೆ. ಅವನು ಬಿಸಿಎ ಎರಡನೇ ವರ್ಷ ಓದುತ್ತಿದ್ದಾನೆ. ಬಿಲ್ಲಿನಲ್ಲಿ 16 ಜಿಬಿ ರ್‍ಯಾಮ್, 8+8, ಡಿಡಿಆರ್4 ಎಂದು ಬರೆದಿದೆ. ಅಂದರೆ ಡಿಡಿಆರ್4 ಎಂಬ ಬಗೆಯ, 8 ಜಿಬಿಯ ಎರಡು ಪಟ್ಟಿ. ಪೆಟ್ಟಿಗೆಯ ಮೇಲೂ ಹಾಗೇ ಇದೆ.

ಗೇಮ್ ಶುರು ಮಾಡಿ ಹತ್ತು ನಿಮಿಷ ಆಗುವುದರೊಳಗೆ ಕಂಪ್ಯೂಟರಿನಲ್ಲಿ ಮೆಮೊರಿ ಸಾಲುತ್ತಿಲ್ಲ, ಫೈಲ್ ಉಳಿಸಿಕೊಂಡು ಪ್ರೋಗ್ರಾಂ ಮುಚ್ಚಿ ಎಂಬ ಸಂದೇಶ ಬರುತ್ತದೆ. ಆಮೇಲೆ ಗೇಮ್ ತಾನಾಗಿಯೇ ಮುಚ್ಚಿಹೋಗುತ್ತದೆ. ಮಗ ಮೆಮೊರಿಯ ಲೆಕ್ಕ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ. ಅಲ್ಲಿ ಇರುವುದು 8 ಜಿಬಿ. ಪಟ್ಟಿ ಕೂರಿಸುವ ಎರಡು ಸ್ಲಾಟಿನಲ್ಲಿ ಒಂದೇ ಬಳಕೆಯಲ್ಲಿದೆ. ಯಂತ್ರ ತನಗೆ ಬೇಕೆಂದು ತೆಗೆದಿಟ್ಟುಕೊಂಡದ್ದನ್ನು ಕಳೆದರೆ ಉಳಿಯುವುದು 7.4 ಜಿಬಿ. ಅವನು ಆಡುವುದು ರೆಡ್ ಡೆಡ್ ರಿಡೆಂಪ್ಷನ್ 2 ಎಂಬ, ಕುದುರೆ ಹತ್ತಿ ಓಡಾಡುವ ಗೇಮ್. ಅದಕ್ಕೆ ಕನಿಷ್ಠ 8 ಜಿಬಿ ಬೇಕು, 12 ಇದ್ದರೆ ಒಳ್ಳೆಯದು ಎಂದು ತಯಾರಕರೇ ಹೇಳಿದ್ದಾರೆ. ನೀವು ಮಾರಿದ 16 ನಿಜವಾಗಿ ಇದ್ದಿದ್ದರೆ ಧಾರಾಳವಾಗಿ ಸಾಕಿತ್ತು.

ನಿಮ್ಮ ಸಹಾಯವಾಣಿಗೆ ಆರು ಸಲ ಫೋನ್ ಮಾಡಿದೆವು. ಹೇಳಿದ್ದನ್ನೆಲ್ಲ ಮಾಡಿದೆವು. ಬ್ರೌಸರ್ ಮುಚ್ಚಿದ್ದಾಯಿತು. ಲ್ಯಾಪ್‌ಟಾಪ್ ಆನ್ ಆಗುವಾಗಲೇ ತಾವಾಗಿ ಶುರುವಾಗುವ ಪ್ರೋಗ್ರಾಂಗಳನ್ನು ನಿಲ್ಲಿಸಿದ್ದಾಯಿತು. ಸಿ ಡ್ರೈವಿನಲ್ಲಿ ಜಾಗ ಮಾಡಿದ್ದಾಯಿತು. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ್ದಾಯಿತು. ವರ್ಚುವಲ್ ಮೆಮೊರಿ ಹೆಚ್ಚಿಸಿ ಎಂದರು, ಅದನ್ನೂ ಮಾಡಿದೆವು. ಸಂದೇಶ ಬರುವುದು ಕಡಿಮೆಯಾಯಿತು. ಆದರೆ ಗೇಮ್ ತಡವರಿಸಿ ತಡವರಿಸಿ ಓಡತೊಡಗಿತು.

ಹೀಗೇಕೆ ಎಂದು ಮಗನನ್ನೇ ಕೇಳಿದೆ. ಅವನು ನನಗೆ ತಿಳಿಯುವ ಹಾಗೆ ಹೇಳಿದ. ರ್‍ಯಾಮ್ ಅಂದರೆ ನಮ್ಮ ಅಂಗಳ ಇದ್ದ ಹಾಗಂತೆ. ಅಂಗಳ ಇದ್ದಷ್ಟೇ ಅಡಿಕೆ ಹರವಲು ಆಗುವುದು. ಜಾಸ್ತಿಯಾದದ್ದನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಬೇಕು, ಬೇಕಾದಾಗ ಇಳಿಸಿ ತರಬೇಕು. ಡ್ರೈವಿನಲ್ಲಿ ಜಾಗ ತೆಗೆದು ಮಾಡಿಕೊಳ್ಳುವ ವರ್ಚುವಲ್ ಮೆಮೊರಿ ಆ ಅಟ್ಟ. ಅಟ್ಟ ಎಷ್ಟೇ ದೊಡ್ಡದಿರಲಿ, ಹತ್ತಿ ಇಳಿಯುವ ಹೊತ್ತು ತಪ್ಪುವುದಿಲ್ಲ, ಅಲ್ವಾ? ನಾನು ದುಡ್ಡು ಕೊಟ್ಟದ್ದು 16 ಜಿಬಿಯ ಅಂಗಳಕ್ಕೆ. ನೀವು ಅರ್ಧ ಅಂಗಳ ಕೊಟ್ಟು, ಸಾಲದಿದ್ದರೆ ಅಟ್ಟ ಹತ್ತಿ ಎನ್ನುತ್ತಿದ್ದೀರಿ.

ಹಿಂಬದಿ ಮುಚ್ಚಳ ಬಿಚ್ಚಿ ಎರಡನೇ ರ್‍ಯಾಮ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುತ್ತಿತ್ತು. ಮಗ ಕೇಳಿದಾಗ, ನೀವೇ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ನಿಮ್ಮವರೇ ಹೇಳಿದರು. ಅದು ನಿಮ್ಮ ನಿಯಮ. ನಾವು ಮುಟ್ಟಲಿಲ್ಲ.

ಜುಲೈ ತಿಂಗಳ ಮಳೆಯಲ್ಲಿ ಹುಬ್ಬಳ್ಳಿಗೆ ಹೊರಟೆ. ಮಗನಿಗೆ ಪರೀಕ್ಷೆ ಇತ್ತು. ಅವನು ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಮೊದಲ ಬಸ್ಸಿಗೆ ನೂರು ಕಿಲೋಮೀಟರ್ ಬಂದೆ. ಟೋಕನ್ ಸಿಕ್ಕಿ ಎರಡು ಗಂಟೆ ಕೂತ ಮೇಲೆ ನನ್ನ ಸರದಿ ಬಂತು.

ಕೌಂಟರಿನ ಹುಡುಗ ಬಿಲ್ ಕಡೆ ನೋಡಲೇ ಇಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದವನೇ ಪಕ್ಕದವನನ್ನು ಕರೆದ. "ಇಲ್ನೋಡಲೇ, ಕುದುರಿ ಆಟ ಐತಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಯಜಮಾನ್ರ, ಮಗಗ ಅಭ್ಯಾಸ ಮಾಡಾಕ ಕೊಡಸೀರೋ, ಕುದುರಿ ಹತ್ತಾಕ ಕೊಡಸೀರೋ?" ಎಂದ. ಹಿಂದೆ ಬೆಂಚಿನಲ್ಲಿ ಕೂತವರು ನಕ್ಕರು.

ನಾನು ಸಿಟ್ಟು ಮಾಡಲಿಲ್ಲ. ಬಿಲ್ಲಿನಲ್ಲಿ 16 ಇದೆ, ಒಳಗೆ 8 ತೋರಿಸುತ್ತಿದೆ, ಒಮ್ಮೆ ಬಿಚ್ಚಿ ನೋಡಿ ಎಂದೆ.

"ನಿಮಗ ರ್‍ಯಾಮ್ ಅಂದ್ರ ಏನಂತ ಗೊತ್ತೈತೇನ್ರಿ?" ಎಂದು ಕೇಳಿದ.

ಜೇಬಿನಿಂದ ಚೀಟಿ ತೆಗೆದೆ. ಮಳೆಗೆ ನೆನೆದು ಶಾಯಿ ಹರಡಿತ್ತು. ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದೆ. ಪರ್ಫಾರ್ಮೆನ್ಸ್ ಎಂಬಲ್ಲಿ ತೊದಲಿದೆ. ಅವನು ನನ್ನ ಹಾಗೆಯೇ ತೊದಲಿ ಹೇಳಿ ತೋರಿಸಿದ. ಮತ್ತೆ ನಗು. ಚೀಟಿಯಲ್ಲಿ ಇನ್ನೂ ಮೂರು ಸಾಲು ಉಳಿದಿತ್ತು. ವಿಂಡೋಸ್ ತಾನೇ ಬರೆದಿಟ್ಟ 2004 ನಂಬರಿನ ಈವೆಂಟ್ ದಾಖಲೆ ನೋಡಿ, ಮೆಮೊರಿ ತೀರಿದ್ದು ಅದರಲ್ಲಿದೆ ಎಂದು ಮಗ ಬರೆದಿದ್ದ. ನನಗೆ ಓದಲು ಆಗಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡೆ.

"ಗೇಮ್ ತಗದ್ ಒಗೀರಿ, ಎಲ್ಲಾ ಸರಿ ಹೋಗ್ತೇತಿ" ಎನ್ನುತ್ತ ಲ್ಯಾಪ್‌ಟಾಪ್ ಇಟ್ಟುಕೊಂಡು, ಜಾಬ್ ಶೀಟ್ ಎಂಬ ರಿಪೇರಿ ಚೀಟಿಯನ್ನು ಪುಸ್ತಕದಿಂದ ಹರಿದು ಕೊಟ್ಟ.

ನನಗೆ 56 ವರ್ಷ. ತೋಟ, ಸೊಸೈಟಿ, ಬ್ಯಾಂಕು, ತಾಲೂಕು ಕಚೇರಿ ಎಲ್ಲ ಕಡೆ ಓಡಾಡಿದವನು. ಯಾವ ಕೌಂಟರಿನಲ್ಲೂ ಯಾರೂ ನನ್ನ ಮಾತನ್ನು ಅಣಕಿಸಿರಲಿಲ್ಲ. ಗೇಮ್ ಆಡಲಿ ಎಂದೇ ಆ ಯಂತ್ರ ಮಾಡಿ, ಗೇಮಿಂಗ್ ಲ್ಯಾಪ್‌ಟಾಪ್ ಎಂದೇ ಮಾರಿದವರು ನೀವು. ಅದರಲ್ಲಿ ಗೇಮ್ ಆಡಿದ್ದು ನನ್ನ ಮಗನ ತಪ್ಪು ಹೇಗಾಗುತ್ತದೆ? ಅವನು ಓದುತ್ತಾನೆ. ರಾತ್ರಿ ಒಂದು ತಾಸು ಆಡುತ್ತಾನೆ. ಅದನ್ನು ವಿಚಾರಿಸುವ ಅಧಿಕಾರ ನನ್ನದು, ನಿಮ್ಮ ಕೌಂಟರಿನದಲ್ಲ.

ಹನ್ನೊಂದು ದಿನ ಬಿಟ್ಟು ಲ್ಯಾಪ್‌ಟಾಪ್ ವಾಪಸ್ ಬಂತು. ಜೊತೆಗೆ ಬಂದ ಜಾಬ್ ಶೀಟಿನಲ್ಲಿ "ರ್‍ಯಾಮ್ ಹೊರತೆಗೆದು ಪರೀಕ್ಷಿಸಲಾಗಿದೆ, ಸರಿಯಿದೆ, ಸಾಫ್ಟ್‌ವೇರ್ ಸಮಸ್ಯೆ" ಎಂಬ ಅರ್ಥದ ಸಾಲಿತ್ತು. ವಿಂಡೋಸ್ ಮತ್ತೆ ಹಾಕಿದ್ದಕ್ಕೆ 1,000 ರೂಪಾಯಿ, ಜಿಎಸ್‌ಟಿ 180. ನಮ್ಮನ್ನು ಒಂದು ಮಾತು ಕೇಳದೆ ಎಲ್ಲ ಅಳಿಸಿದ್ದರು. ಆ ಗೇಮ್ 150 ಜಿಬಿ. ನಮ್ಮೂರಿನಲ್ಲಿ ನೆಟ್ ನಿಲ್ಲುವುದಿಲ್ಲ. ಶಿರಸಿ ಪೇಟೆಯ ಮಾವನ ಮನೆಯಲ್ಲಿ ರಾತ್ರಿ ರಾತ್ರಿ ಕೂತು ಅವನು ಅದನ್ನು ಇಳಿಸಿಕೊಂಡಿದ್ದ. ಮನೆಗೆ ತಂದು ನೋಡಿದರೆ ಮತ್ತೆ ಅದೇ 8 ಜಿಬಿ, ಅದೇ ಒಂದು ಸ್ಲಾಟ್.

ಆಗ ಮಗ ಲ್ಯಾಪ್‌ಟಾಪ್ ಮಗುಚಿ ಹಾಕಿದ. ಹಿಂಬದಿಯ ನಡುವಿನ ಸ್ಕ್ರೂ ಮೇಲೆ ನಿಮ್ಮ ಕಂಪನಿಯ ಸಣ್ಣ ದುಂಡು ಸ್ಟಿಕ್ಕರ್ ಇದೆ. ಅದನ್ನು ಹರಿಯದೆ ಮುಚ್ಚಳ ತೆಗೆಯಲು ಬರುವುದಿಲ್ಲ. ಸ್ಟಿಕ್ಕರ್ ಹಾಗೇ ಇದೆ. ಅಂಚು ಎದ್ದಿಲ್ಲ. ಸುತ್ತಲೂ ನಮ್ಮ ಮನೆಯ ಕೆಂಪು ಧೂಳು ಉಂಗುರದ ಹಾಗೆ ಕೂತದ್ದು ಕೂತ ಹಾಗೇ ಇದೆ. ಹಾಗಾದರೆ ರ್‍ಯಾಮ್ ಹೊರತೆಗೆದವರು ಯಾರು? ಎಲ್ಲಿಂದ ತೆಗೆದರು? ಬಿಚ್ಚದೆಯೇ ಬಿಚ್ಚಿದೆ ಎಂದು ಬರೆದು ಸಹಿ ಹಾಕಿದ್ದಾರೆ. ಅವಮಾನವನ್ನು ನಾನು ನುಂಗಿಕೊಂಡಿದ್ದೆ. ಈ ಸುಳ್ಳನ್ನು ನುಂಗಲು ಆಗುವುದಿಲ್ಲ.

ನನಗೆ ಬೇಕಾದದ್ದು ಇಷ್ಟು. ನಿಮ್ಮ ಎಂಜಿನಿಯರ್ ಶಿರಸಿಗೆ ಬಂದು, ನನ್ನ ಮತ್ತು ಮಗನ ಎದುರೇ ಮುಚ್ಚಳ ತೆಗೆದು, 16 ಜಿಬಿ ತೋರಿಸಿ ಹೋಗಬೇಕು. 1,180 ರೂಪಾಯಿ ವಾಪಸ್ ಬರಬೇಕು. ಸುಳ್ಳು ಜಾಬ್ ಶೀಟಿಗೆ ಸಹಿ ಹಾಕಿದವರು ಮತ್ತು ನನ್ನನ್ನು ಅಣಕಿಸಿದವರು ಲಿಖಿತವಾಗಿ ಕ್ಷಮೆ ಕೇಳಬೇಕು.

ಹದಿನೈದು ದಿನ ಕಾಯುತ್ತೇನೆ. ನಾನಿನ್ನು ಹುಬ್ಬಳ್ಳಿಗೆ ಬರುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕವೂ ಇಲ್ಲ. ವಕೀಲರಿಲ್ಲದೆ ನಾನೇ ನಿಂತು ಹೇಳಬಹುದು. ತೊದಲಿದರೂ ಅಲ್ಲಿ ಯಾರೂ ನಗುವುದಿಲ್ಲ. ಬಿಲ್, ಜಾಬ್ ಶೀಟ್, ನೆನೆದ ಚೀಟಿ ಎಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಬೇಕೆಂದರೆ ವಸ್ತುವನ್ನೇ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕೆ ಇದೆ.

ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇವೆ. ಆ ಸ್ಟಿಕ್ಕರನ್ನು ನಾವು ಉಗುರಿನಿಂದಲೂ ಮುಟ್ಟಿಲ್ಲ. ಹದಿನೈದು ದಿನದೊಳಗೆ ನೀವು ಬಂದು ತೆಗೆಯದಿದ್ದರೆ, ಅದು ಆಯೋಗದ ಎದುರೇ ಹರಿಯುತ್ತದೆ.

ಇಂತಿ,
ನಿಮ್ಮ ಗ್ರಾಹಕ
ಶಿರಸಿ, ಉತ್ತರ ಕನ್ನಡ