ಹತ್ತು ಫಾರಂ ಇದ್ದ ಹಂಪಿ ಕೈಪಿಡಿ ಆರಕ್ಕೆ ಇಳಿದದ್ದೇಕೆ: ಗ್ರಾಹಕರಿಗೆ ಒಂದು ಪತ್ರ

ನಮ್ಮ ಕೈಪಿಡಿಯನ್ನು ಕೊಂಡವರಿಗೂ, ಇಷ್ಟು ವರ್ಷ ಅದನ್ನು ಅಂಗಡಿಯಲ್ಲಿಟ್ಟು ಮಾರಿಕೊಟ್ಟವರಿಗೂ ನಮಸ್ಕಾರ.

ನಮ್ಮ ಸಂಘ ಹೊರತರುವ ಹಂಪಿ ಪ್ರವಾಸಿ ಕೈಪಿಡಿಯ ಹಳೆಯ ಆವೃತ್ತಿಯ ಮಾರಾಟವನ್ನು ಈ ತಿಂಗಳಿನಿಂದ ನಿಲ್ಲಿಸಿದ್ದೇವೆ. ಹೊಸ ಆವೃತ್ತಿ ಬೈಂಡಿಂಗ್ ಮುಗಿದು ಕಚೇರಿಗೆ ಬಂದಿದೆ. ಹಳೆಯದು ಹತ್ತು ಫಾರಂ (ಅಚ್ಚಿನ ಲೆಕ್ಕದಲ್ಲಿ 16 ಪುಟಕ್ಕೊಂದು ಫಾರಂ), ಅಂದರೆ 160 ಪುಟ. ಹೊಸದು ಆರು ಫಾರಂ, 96 ಪುಟ. ಬೆಲೆ ಮಾತ್ರ ಮೊದಲಿನಷ್ಟೇ, 150 ರೂಪಾಯಿ. "ಪುಟ ಇಳಿಸಿದವರು ಬೆಲೆ ಇಳಿಸಲಿಲ್ಲವಲ್ಲ, ಗಿರಾಕಿಗಳಿಗೆ ನಾವು ಏನು ಹೇಳಬೇಕು?" ಎಂದು ಮೂರು ನಾಲ್ಕು ಅಂಗಡಿಯವರು ಈಗಾಗಲೇ ಫೋನ್ ಮಾಡಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಫೋನಿನಲ್ಲಿ ಉತ್ತರ ಸರಿಯಾಗಿ ಹೇಳಲಾಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ತೆಗೆದದ್ದು ಏನೆಂದು ಮೊದಲು ಹೇಳಿಬಿಡುತ್ತೇನೆ. ವಸತಿಗೃಹಗಳ ಪಟ್ಟಿ, ಊಟ ತಿಂಡಿಯ ಪಟ್ಟಿ, ಬಸ್ಸು ರೈಲುಗಳ ವೇಳೆ, ಆಟೊ ಬಾಡಿಗೆ, ಟಿಕೆಟ್ ದರ. ಒಟ್ಟು ನಾಲ್ಕು ಫಾರಂ. ಇವು ಇನ್ನು ಮುಂದೆ ನಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಈ ವಿಷಯದಲ್ಲಿ ನಾವು ಮೊಬೈಲಿಗೆ ಸೋತು ಬಹಳ ಕಾಲವಾಯಿತು, ಒಪ್ಪಿಕೊಳ್ಳುವುದಕ್ಕೆ ತಡವಾಯಿತು ಅಷ್ಟೆ.

ಸೋಲಿನ ಚರಿತ್ರೆ ನಮ್ಮ ಕಚೇರಿಯ ಒಂದು ಡಬ್ಬಿಯಲ್ಲಿದೆ. ಅದರ ತುಂಬ ಅಚ್ಚಾದ ಪ್ರತಿಗಳ ಮೇಲೆ ತಿದ್ದುಪಡಿ ಒತ್ತುವ ರಬ್ಬರ್ ಸ್ಟಾಂಪುಗಳು. ಕೈಪಿಡಿಯ ಮೊದಲ ಮುದ್ರಣವಾದದ್ದು 2008ರಲ್ಲಿ. ಆಗ ತುಂಗಭದ್ರೆಗೆ ಅಡ್ಡಲಾಗಿ ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಕಟ್ಟುತ್ತಿದ್ದರು. ನಕ್ಷೆಯಲ್ಲಿ ಅದನ್ನು ಚುಕ್ಕೆಗೆರೆಯಲ್ಲಿ ತೋರಿಸಿ ‘ಶೀಘ್ರದಲ್ಲೇ’ ಎಂದು ಬರೆದಿದ್ದೆವು. 2009ರ ಜನವರಿಯಲ್ಲಿ ಆ ಸೇತುವೆ ಕಾರ್ಮಿಕರ ಸಮೇತ ಹೊಳೆಗೆ ಕುಸಿಯಿತು. ಉಳಿದ ಪ್ರತಿಗಳನ್ನು ಮುಂದಿಟ್ಟುಕೊಂಡು ಚುಕ್ಕೆಗೆರೆಯ ಮೇಲೆ ಕಾಟು ಹೊಡೆಯುತ್ತ ಕುಳಿತದ್ದು ನಮ್ಮ ಮೊದಲ ತಿದ್ದುಪಡಿ. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು ತೆರವುಗೊಳಿಸಿದರು; ನಮ್ಮ ಊಟ ತಿಂಡಿಯ ಪಟ್ಟಿಯ ಅರ್ಧ ಅದರೊಂದಿಗೆ ಹೋಯಿತು. ವಿಜಯ ವಿಠ್ಠಲ ದೇವಾಲಯದ ಟಿಕೆಟ್ 10 ರೂಪಾಯಿ ಇದ್ದದ್ದು 2016ರಲ್ಲಿ 30 ಆಯಿತು, 2018ರಲ್ಲಿ 40 ಆಯಿತು. ಎರಡು ಸ್ಟಾಂಪು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ‘ಬಳ್ಳಾರಿ ಜಿಲ್ಲೆ’ ಎಂದಿದ್ದ ಕಡೆಯೆಲ್ಲ ಇನ್ನೊಂದು. (2014ರಲ್ಲಿ ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಮಾತ್ರ ನಾವು ಹಾಯಾಗಿದ್ದೆವು. ಕನ್ನಡದಲ್ಲಿ ಹೊಸಪೇಟೆ ಮೊದಲಿನಿಂದಲೂ ಹೊಸಪೇಟೆಯೇ.)

ಇಷ್ಟಾದರೂ ಪಟ್ಟಿಗಳನ್ನು ಬಿಟ್ಟಿರಲಿಲ್ಲ. ಬಿಡಿಸಿದವರು ಧಾರವಾಡದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. 2022ರ ಚಳಿಗಾಲದಲ್ಲಿ ಹೆಂಡತಿ, ಮಗಳು, ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ನಮ್ಮ ಕೈಪಿಡಿ, ಅದರಲ್ಲಿ ವಿರೂಪಾಪುರಗಡ್ಡೆಯ ಒಂದು ವಸತಿಗೃಹದ ಹೆಸರಿನ ಸುತ್ತ ಪೆನ್ಸಿಲಿನಲ್ಲಿ ಹಾಕಿದ ವೃತ್ತ. ಹೊಳೆ ದಾಟಿ ಹೋದರೆ ಅಲ್ಲಿ ಏನಿದೆ? ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿಯೇ ಅಲ್ಲಿನ ಹೋಟೆಲುಗಳನ್ನು ನೆಲಸಮ ಮಾಡಿದ್ದರು. ನಾವು ಆ ಪುಟಕ್ಕೂ ಸ್ಟಾಂಪು ಹಾಕಿದ್ದೆವು, ಆದರೆ ಅಂಗಡಿಗಳಿಗೆ ಅದಾಗಲೇ ಹೋಗಿದ್ದ ಪ್ರತಿಗಳಿಗೆ ಹಾಕಿದವರು ಯಾರು? ಮರುದಿನ ಮೇಷ್ಟ್ರು ಹೊಸಪೇಟೆಯ ನಮ್ಮ ಕಚೇರಿಗೆ ಬಂದು, ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ದನಿ ಏರಿಸದೆ ಹೇಳಿದರು: "ಸ್ವಾಮಿ, ನಿಮ್ಮ ಪುಸ್ತಕದೊಳಗೆ ಹೋಟೆಲಿದೆ, ನೆಲದ ಮೇಲಿಲ್ಲ." ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚಹಾ ತರಿಸಿ, ದುಡ್ಡು ಹಿಂದಿರುಗಿಸಲು ಹೋದೆವು. ಅವರು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ, ಪುಸ್ತಕವನ್ನೂ ಬಿಟ್ಟುಹೋಗಲಿಲ್ಲ. "ಹಜಾರ ರಾಮನ ಪುಟಗಳು ಬೇಕು" ಎಂದು ಜೋಳಿಗೆಗೆ ಹಾಕಿಕೊಂಡರು.

ಆ ಮಾತಿನಿಂದಲೇ ಹೊಸ ಆವೃತ್ತಿ ಹುಟ್ಟಿತು.

ಹಜಾರ ರಾಮ ದೇವಾಲಯದ ಗೋಡೆಯ ಮುಂದೆ ನಿಂತವರಿಗೆ ಅವರು ಹೇಳಿದ್ದರ ಅರ್ಥವಾಗುತ್ತದೆ. ಪ್ರಾಕಾರದ ಹೊರಮೈಯಲ್ಲಿ ಸಾಲು ಆನೆ, ಅದರ ಮೇಲೆ ಕುದುರೆ, ಸೈನಿಕರು, ನರ್ತಕಿಯರು. ಅದು ಮೆರವಣಿಗೆ, ಹೇಗೆ ನೋಡಿದರೂ ನಡೆಯುತ್ತದೆ. ಒಳಗಿನ ಗುಡಿಯ ಗೋಡೆ ಹಾಗಲ್ಲ. ಅಲ್ಲಿ ರಾಮಾಯಣವನ್ನು ಮೂರು ಸಾಲುಗಳಲ್ಲಿ ಕೊರೆದಿದ್ದಾರೆ, ಪ್ರದಕ್ಷಿಣೆ ಬರುತ್ತ ಓದಬೇಕು, ಒಂದು ಸುತ್ತಿಗೆ ಕಥೆ ಮುಗಿಯುವುದಿಲ್ಲ. ಮೇಲೆ ಕೆಳಗೆ ಕಣ್ಣಾಡಿಸಿದವನಿಗೆ ಅಯೋಧ್ಯೆಯ ಪಕ್ಕದಲ್ಲಿ ಲಂಕೆ ಸಿಗುತ್ತದೆ. ಹತ್ತು ನಿಮಿಷದಲ್ಲಿ ಹೊರಬೀಳುವವರೇ ಹೆಚ್ಚು. ಅವರ ತಪ್ಪಲ್ಲ, ಎಲ್ಲಿಂದ ಆರಂಭಿಸಬೇಕೆಂದು ಯಾರೂ ಹೇಳಿರುವುದಿಲ್ಲ. ನಮ್ಮ ಹೊಸ ಕೈಪಿಡಿಯಲ್ಲಿ ಈ ಒಂದು ಗುಡಿಗೇ ಹನ್ನೆರಡು ಪುಟ. ಪ್ರತಿ ಗೋಡೆಗೂ ರೇಖಾಚಿತ್ರ, ಪ್ರತಿ ಫಲಕಕ್ಕೂ ಸಂಖ್ಯೆ. ಬೆರಳನ್ನು ಪುಟದ ಮೇಲೂ ಕಣ್ಣನ್ನು ಕಲ್ಲಿನ ಮೇಲೂ ಇಟ್ಟು ನಡೆಯಬಹುದು. ರಾವಣನ ಸಭೆಯಲ್ಲಿ ಹನುಮಂತ ಬಾಲವನ್ನೇ ಸುರುಳಿ ಸುತ್ತಿ ಪೀಠ ಮಾಡಿಕೊಂಡು ಕುಳಿತಿರುವ ಫಲಕದ ಮುಂದೆ ಮಕ್ಕಳು ನಿಂತುಬಿಡುತ್ತಾರೆ. ಹುಡುಕಿ ನೋಡಿ.

ಇದನ್ನೇ ಫೋನಿನಲ್ಲಿ ಮಾಡಬಾರದೇ ಎಂದು ನಮ್ಮ ಸಂಘದ ಕಿರಿಯ ಸದಸ್ಯರೇ ಕೇಳಿದರು. ಮಾಡಿ ನೋಡಿದೆವು. ಏಪ್ರಿಲಿನ ಒಂದು ಮಧ್ಯಾಹ್ನ, ಬಂಡೆಯಿಂದ ಝಳ ಹೊಡೆಯುವ ಹೊತ್ತು. ಬಿಸಿಲಿಗೆ ಪರದೆಯ ಮೇಲೆ ಕಂಡದ್ದು ನನ್ನ ಮುಖವೇ. ನೆರಳಿಗೆ ಹೋದರೆ ಚಿತ್ರ ಕಂಡಿತು, ಗೋಡೆ ದೂರವಾಯಿತು. ಬೆರಳಿನಿಂದ ಹಿಗ್ಗಿಸಿದರೆ ಫಲಕ ದೊಡ್ಡದಾಯಿತು, ಅದು ಯಾವ ಸಾಲಿನದು ಎಂಬುದು ತಪ್ಪಿಹೋಯಿತು. ಕಡೆಗೆ ಫೋನೇ ಬಿಸಿಯಾಗಿ ತಾನು ವಿಶ್ರಾಂತಿ ಪಡೆಯುವುದಾಗಿ ತಿಳಿಸಿತು. ಪುಸ್ತಕಕ್ಕೆ ಈ ಕಾಯಿಲೆಗಳಿಲ್ಲ. ಮಳೆಗೆ ನೆನೆಯುತ್ತದೆ, ಅದು ನಿಜ.

ಇನ್ನೊಂದು ಸಂಗತಿ. ಫೋನು ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಹಂಪಿಯಲ್ಲಿ ಕೇಳಬೇಕೆಂದೇ ತೋಚದ ಸಂಗತಿಗಳು ಬಹಳ. ಲಕ್ಷ್ಮೀನರಸಿಂಹನ ವಿಗ್ರಹವನ್ನು ನೋಡಲು ಬರುವವರೆಲ್ಲ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ಮೂರ್ತಿ. ಎದುರಿನಿಂದ ಕಾಣುವುದು ಉಗ್ರರೂಪವೇ, ಜನ ಕರೆಯುವುದೂ ಉಗ್ರನರಸಿಂಹ ಎಂದೇ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ. ಅವನನ್ನು ಬಳಸಿ ಹಿಡಿದಿದ್ದ ಅವಳ ಕೈ ಮಾತ್ರ ಅವನ ಬೆನ್ನ ಮೇಲೆ ಹಾಗೆಯೇ ಉಳಿದಿದೆ. ‘ಪಕ್ಕಕ್ಕೆ ಸರಿದು ಬೆನ್ನನ್ನು ನೋಡಿ’ ಎಂಬ ಒಂದು ಸಾಲನ್ನು ಹೊಸ ಆವೃತ್ತಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕಿನಲ್ಲಿ, ಒಂಬತ್ತು ಅಂತಸ್ತಿನ ಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಬೀಳುತ್ತದಲ್ಲ, ಅದಕ್ಕೂ ಹೀಗೆಯೇ ದಾರಿ ಹೇಳಿದ್ದೇವೆ.

ಕಲ್ಲು ಬದಲಾಗುವುದಿಲ್ಲ, ಆದ್ದರಿಂದ ಕಲ್ಲಿನ ಬಗ್ಗೆ ಬರೆದದ್ದು ಹಳತಾಗುವುದಿಲ್ಲ ಎಂದು ಬರೆದು ಈ ವಿಷಯವನ್ನು ಮುಗಿಸಬಹುದಿತ್ತು. ಅದು ಪೂರ್ತಿ ನಿಜವಲ್ಲ. ಪುರಾತತ್ವ ಇಲಾಖೆಯಲ್ಲಿದ್ದ ಎ. ಎಚ್. ಲಾಂಗ್‌ಹರ್ಸ್ಟ್ ಹಂಪಿಯ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1917ರಲ್ಲಿ. ಅದನ್ನು ಹಿಡಿದು ಇವತ್ತಿಗೂ ಗುಡಿಯಿಂದ ಗುಡಿಗೆ ನಡೆಯಬಹುದು. ಆದರೆ ಇಂದು ಎಲ್ಲರೂ ಫೋಟೊ ತೆಗೆಯುವ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕರಿಕಲ್ಲಿನ ಪುಷ್ಕರಣಿಯನ್ನು ಅದರಲ್ಲಿ ಹುಡುಕಿ ಫಲವಿಲ್ಲ. ಅದು ಮಣ್ಣಿನಿಂದ ಹೊರಬಂದದ್ದೇ 1980ರ ದಶಕದ ಉತ್ಖನನದಲ್ಲಿ. ನಮ್ಮದೇ ಹಳೆಯ ಆವೃತ್ತಿಯಲ್ಲಿ ಇದಕ್ಕಿಂತ ನಾಚಿಕೆಯ ಸಾಲೊಂದಿತ್ತು. ವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ‘ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸ್ವರ ಕೇಳಿಸುತ್ತದೆ’ ಎಂದು ಬರೆದಿದ್ದೆವು. ಎಲ್ಲರೂ ಮೆಲ್ಲಗೆ ತಟ್ಟಿಯೇ ಕಂಬಗಳು ಸವೆದದ್ದು. ಈಗ ಮುಟ್ಟುವುದಕ್ಕೇ ನಿಷೇಧವಿದೆ. ಹೋಟೆಲಿನ ತಪ್ಪಿಗಿಂತ ಈ ತಪ್ಪೇ ದೊಡ್ಡದು, ಇದಕ್ಕೆ ಯಾರೂ ಬಂದು ನಮ್ಮನ್ನು ಕೇಳಲಿಲ್ಲ. ಆ ಸಾಲನ್ನು ತೆಗೆದಿದ್ದೇವೆ.

ಆದ್ದರಿಂದ ಹೊಸ ಪುಸ್ತಕದ ಹಿಂಬದಿಯ ರಟ್ಟಿಗೆ ಒಂದು ಜೇಬು ಇದೆ. ಅದರೊಳಗೆ ಮಡಚಿದ ಒಂದು ಹಾಳೆ: ಬದಲಾದದ್ದು, ಮುಚ್ಚಿದ್ದು, ತಪ್ಪು ಒಪ್ಪು. ಹಾಳೆಯ ಮೇಲೆ ತಿಂಗಳು, ವರ್ಷ ಇರುತ್ತದೆ. ಆರು ತಿಂಗಳಿಗೊಮ್ಮೆ ಹೊಸ ಹಾಳೆ ಅಚ್ಚು ಮಾಡಿ ಅಂಗಡಿಗಳಿಗೆ ಕಳಿಸುತ್ತೇವೆ, ಹಳೆಯದನ್ನು ತೆಗೆದು ಇದನ್ನು ಸೇರಿಸುವುದು ಅಂಗಡಿಯವರ ಕೆಲಸ. ಅಷ್ಟು ಉಪಕಾರ ಮಾಡಬೇಕು. ಹೊಳೆ ತುಂಬಿದಾಗ ಪುರಂದರ ಮಂಟಪ ಮುಳುಗುವುದು, ದೋಣಿ ನಿಲ್ಲುವುದು ಇವೆಲ್ಲ ಹಾಳೆಗೂ ಸಿಗದ ಸುದ್ದಿಗಳು. ಜಲಾಶಯದಿಂದ ನೀರು ಬಿಟ್ಟ ದಿನ ಫೋನು ನೋಡಿ, ಇಲ್ಲವೇ ಊರವರನ್ನು ಕೇಳಿ.

ಹಾಳೆಯ ಬದಲು ಕ್ಯೂಆರ್ ಕೋಡ್ ಹಾಕಬಹುದಿತ್ತಲ್ಲ ಎನ್ನುವವರಿಗೆ: ಹಾಕಿದ್ದೆವು. ಹಿಂದಿನ ಮುದ್ರಣದ ಮೊದಲ ಪುಟದಲ್ಲಿಯೇ ಇದೆ. ಅದು ತೆರೆಯಬೇಕಿದ್ದ ಜಾಲತಾಣಕ್ಕೆ ವರ್ಷದ ಹಣ ಕಟ್ಟುವುದನ್ನು ನಾವು ಮರೆತೆವು. ನಾವು ಎಂದರೆ ನಾನು. ತಾಣ ಹೋಯಿತು, ಪುಸ್ತಕ ಉಳಿಯಿತು.

ಈಗ ಬೆಲೆಯ ಮಾತು. ಹಳೆಯ ಕೈಪಿಡಿಗೆ ಅಂಟಿನ ಬೈಂಡಿಂಗ್ ಇತ್ತು, ಎರಡು ದಿನ ಅಂಗೈಯಲ್ಲಿ ಬಿಚ್ಚಿ ಹಿಡಿದರೆ ನಡುವಿನ ಪುಟಗಳು ಉದುರುತ್ತಿದ್ದವು. ಹೊಸದಕ್ಕೆ ನೂಲಿನ ಹೊಲಿಗೆ ಹಾಕಿಸಿದ್ದೇವೆ, ಪೂರ್ತಿ ಮಗುಚಿ ಹಿಡಿಯಬಹುದು. ಕಾಗದ ದಪ್ಪವಾಗಿದೆ, ಹೊಳಪಿಲ್ಲದ್ದು, ಪೆನ್ಸಿಲಿನಲ್ಲಿ ಬರೆಯಲು ಬರುತ್ತದೆ. ನಕ್ಷೆ ಬೇರೆಯಾಗಿ ಮಡಚಿಟ್ಟ ದೊಡ್ಡ ಹಾಳೆ. ಕಾಲುದಾರಿಗಳನ್ನೂ ನೆರಳಿರುವ ಮರಗಳನ್ನೂ ನಮ್ಮ ಸದಸ್ಯರು ನಡೆದು ಗುರುತು ಮಾಡಿದ್ದಾರೆ. ಆನೆಗೊಂದಿಗೆ ಚುಕ್ಕೆಗೆರೆ ಇಲ್ಲ. ಪುಟ ಇಳಿಸಿದ್ದರಿಂದ ಉಳಿದ ಹಣವೆಲ್ಲ ಹೊಲಿಗೆಗೂ ನಕ್ಷೆಗೂ ಹೋಯಿತು.

ಎಲ್ಲರೂ ಇದನ್ನು ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಬೆಳಿಗ್ಗೆ ಬಂದು ಸಂಜೆಯ ರೈಲು ಹಿಡಿಯುವವರು 150 ರೂಪಾಯಿಯನ್ನು ಒಬ್ಬ ಒಳ್ಳೆಯ ಮಾರ್ಗದರ್ಶಿಯ ಸಂಬಳಕ್ಕೆ ಸೇರಿಸಿ ಕೊಡಲಿ. ಕಲ್ಲಿನ ರಥವನ್ನು ಹುಡುಕಲು ಯಾವ ಕೈಪಿಡಿಯೂ ಬೇಡ, ಜೇಬಿನಲ್ಲಿರುವ 50 ರೂಪಾಯಿಯ ನೋಟಿನ ಮೇಲೆಯೇ ಅದರ ಚಿತ್ರವಿದೆ. ಎರಡು ರಾತ್ರಿ ತಂಗುವವರು, ಎರಡನೆಯ ಸಲ ಬರುವವರು, ಮಕ್ಕಳಿಗೆ ತೋರಿಸಿ ಹೇಳಬೇಕೆನ್ನುವವರು ಕೊಳ್ಳಿ.

ಅಂಗಡಿಯವರು ಹಳೆಯ ಪ್ರತಿಗಳನ್ನು ಮುಂದಿನ ಮೂರು ತಿಂಗಳೊಳಗೆ ಹಿಂದಿರುಗಿಸಿದರೆ ಪ್ರತಿಗೆ ಪ್ರತಿ ಹೊಸದನ್ನು ಕೊಡುತ್ತೇವೆ, ಸಾಗಣೆ ವೆಚ್ಚ ನಮ್ಮದು. 2020ರ ನಂತರ ಕೊಂಡ ಓದುಗರಿಗೂ ಇದೇ ಅನ್ವಯಿಸುತ್ತದೆ, ರಸೀದಿ ಬೇಕಿಲ್ಲ. ಒಂದು ವಿನಂತಿ: ನಿಮ್ಮ ಪ್ರತಿಯಲ್ಲಿ ಪೆನ್ಸಿಲ್ ಗುರುತು, ಟಿಪ್ಪಣಿ, ಒಣಗಿದ ಎಲೆ, ಎಂಥದಾದರೂ ಇದ್ದರೆ ಅದನ್ನು ಕಳಿಸಬೇಡಿ. ಮೊದಲ ಪುಟದ ಫೋಟೊ ಒಂದನ್ನು ಕಳಿಸಿ, ಹೊಸದು ಅಂಚೆಯಲ್ಲಿ ಬರುತ್ತದೆ. ಧಾರವಾಡದ ಮೇಷ್ಟ್ರಿಗೆ ನಿನ್ನೆಯೇ ಕಳಿಸಿದೆವು.

ಇಂತಿ ನಿಮ್ಮ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯರ ಪರವಾಗಿ)
ಹೊಸಪೇಟೆ