ಅಜ್ಜಿಗೆ ನೀನೇ ಹೇಳು

ಪ್ರೀತಿಯ ಮಗಳೇ,

ನಿನ್ನೆ ಮಾತಿನ ನಡುವೆ ಫೋನ್ ಇಟ್ಟುಬಿಟ್ಟೆ, ಬೇಸರ ಮಾಡಿಕೊಳ್ಳಬೇಡ. ಅಜ್ಜಿ ಪಕ್ಕದ ಕೋಣೆಯಲ್ಲೇ ಇದ್ದರು, ನನ್ನ ದನಿ ಏರುತ್ತಿತ್ತು. ದೀಪಾವಳಿಗೆ ಬರುವಾಗ ರೋಮಿನ ಆ ಚೀಸ್ ಒಂದು ತುಂಡು ತರಲಿ ಅಂತ ಅವರು ಕೇಳದೇ ಹೋಗಿದ್ದರೆ ಅದು ಸಸ್ಯಾಹಾರ ಅಲ್ಲ ಅನ್ನುವ ವಿಷಯ ನೀನು ಬಾಯಿ ಬಿಡುತ್ತಲೇ ಇರಲಿಲ್ಲ ಅಲ್ಲವೇ?

ರೋಮಿನ ಟ್ರಾಸ್ಟೆವೆರೆ ಬಡಾವಣೆಯ ಆ ಪುಟ್ಟ ಹೋಟೆಲಿನಲ್ಲಿ ನಿನ್ನನ್ನು ನೋಡಿ ಎಷ್ಟು ಹೆಮ್ಮೆಪಟ್ಟಿದ್ದೆ ಗೊತ್ತಾ. ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ ಈ ಮೂರು ಪಾಸ್ತಾಗಳಲ್ಲೂ ಹಂದಿಯ ಕೆನ್ನೆಯ ಮಾಂಸವಿರುತ್ತೆ, ಬೇಡ ಅಂದೆ ನೀನು. ಪಾಸ್ತಾಕ್ಕೆ ಮೊಟ್ಟೆ ಹಾಕಿದೆಯಾ ಅಂತ ಅವರ ಭಾಷೆಯಲ್ಲೇ ವಿಚಾರಿಸಿ, ಒಣ ಸ್ಪಗೆಟ್ಟಿಯಲ್ಲಿ ಕಾಚೊ ಎ ಪೆಪೆ ಮಾಡಿಸಿದೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಪಾಸ್ತಾ ಬೆಂದ ನೀರು, ಪೆಕೊರಿನೊ ಚೀಸ್, ಕಾಳುಮೆಣಸು ಅಷ್ಟೇ. ಅಜ್ಜಿ ಮೂಸಿ ನೋಡಿ, "ನಮ್ಮ ಮೆಣಸು ಇಲ್ಲೀತನಕ ಬಂತಾ" ಅಂದರು. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಮೆಣಸು ರೋಮಿಗೆ ಹೋಗುತ್ತಿತ್ತಂತೆ ಅಂತ ನೀನು ಹೇಳಿದ್ದನ್ನು ಶಿರಸಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಪರಸ್ಥಳದಲ್ಲಿ ನೀರು ಕುಡಿಯಲೂ ಹಿಂಜರಿಯುವವರು ತಟ್ಟೆಗಂಟಿದ್ದನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಮತ್ತೆ ಸ್ವಲ್ಪ ಹಾಕಿಸಿಕೊಂಡರು. ನನ್ನ ಕಣ್ಣಿಗೆ ಅದೇ ಕಟ್ಟುತ್ತೆ, ಆ ಬ್ರೆಡ್ಡಿನ ತುಂಡು.

ಆ ಚೀಸ್, ಪೆಕೊರಿನೊ ರೊಮಾನೊ ಮಾಡಲು ಹಾಲಿಗೆ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ, ಅಂದರೆ ಹಾಲು ಗಟ್ಟಿಯಾಗಿಸುವ ಹೆಪ್ಪನ್ನೇ, ಹಾಕಬೇಕೆಂದು ನಿನಗೆ ಆಗಲೇ ಗೊತ್ತಿತ್ತು. ಇಲ್ಲಿ ಹಸಿರು ಚುಕ್ಕೆ ನೋಡಿ ಚೀಸ್ ಕೊಳ್ಳುವ ನನಗೆ ಅದು ಹೊಳೆಯಲಿಲ್ಲ. ಅಜ್ಜಿ ಅಷ್ಟು ಖುಷಿಯಾಗಿ ತಿನ್ನುತ್ತಿದ್ದರು, ಹೇಗೆ ಹೇಳಲಿ ಅಂದೆ ನೀನು. ನಿನ್ನ ಅಂತಃಕರಣ ನನಗೆ ಅರ್ಥವಾಗುತ್ತೆ. ಆದರೆ ಮಗಳೇ, ನೀನು ಏನು ತಿನ್ನುತ್ತೀಯೋ ಅದು ನಿನ್ನಿಷ್ಟ, ನಾನು ಯಾವತ್ತೂ ಕೇಳಿಲ್ಲ. ಅವರ ಬಾಯಿಗೆ ಏನು ಹೋಗಬೇಕು ಅನ್ನುವುದನ್ನು ಅವರೇ ತೀರ್ಮಾನಿಸಬೇಕು. ವಯಸ್ಸಾದವರು, ತಿಳಿಯದಿದ್ದರೆ ನೆಮ್ಮದಿ ಅಂತ ನಾವು ಅಂದುಕೊಳ್ಳುತ್ತೇವೆ. ಅವರನ್ನು ಮಗುವಿನ ಲೆಕ್ಕಕ್ಕೆ ಇಳಿಸಿದಂತಾಗುತ್ತೆ ಅದು. ನಾಳೆ ನನಗೂ ನೀನು ಹೀಗೇ ಮಾಡಬಾರದು, ನನ್ನ ಆಸ್ಪತ್ರೆ ರಿಪೋರ್ಟಿನ ವಿಷಯದಲ್ಲಾದರೂ ಸರಿ.

ಭಯ ನನಗೂ ಇದೆ. ಪ್ರಾಯಶ್ಚಿತ್ತ ಅಂತ ಉಪವಾಸ ಕೂತರೆ? ಸಕ್ಕರೆ ಕಾಯಿಲೆಯವರು.

ಆದರೂ ನೀನೇ ಹೇಳು. ಭಾನುವಾರ ಅವರ ಊಟ, ಮಾತ್ರೆ ಮುಗಿದ ಮೇಲೆ ಫೋನ್ ಮಾಡು, ಮೊದಲೇ ಬೇಡ. ನಾನು ಪಕ್ಕದಲ್ಲಿರುತ್ತೇನೆ. ಬೈದರೆ ಬೈಸಿಕೋ. ಆಮೇಲೂ ಚೀಸ್ ಬೇಕು ಅಂದರೆ, ಸಸ್ಯದ ರೆನೆಟ್ ಹಾಕಿದ್ದು ಅಂತ ಲೇಬಲ್ ಮೇಲೆ ಬರೆದಿರುವುದನ್ನು ಹುಡುಕಿ ತಾ.

ನಿನ್ನ
ಅಮ್ಮ